ಕಾಂಡ್ಲಾ ನಾಣ್ಯದ ಅಕ್ಕ

ಕಳೆದ ತಿಂಗಳು ಅಕ್ಕನಿಗೆ ನಮ್ಮ ಆಫೀಸಿನಲ್ಲಿ ಬೀಳ್ಕೊಡುಗೆ ಇತ್ತು. ಕೇಕು ಇತ್ತು, ಬಲೂನು ಇತ್ತು, ಉತ್ತರ ಕೆರೊಲಿನಾದ ನಮ್ಮ ಬಾಸ್ ಒಂದೊಂದು ಪದವನ್ನೂ ರಬ್ಬರಿನಂತೆ ಎಳೆದೆಳೆದು ಮಾಡಬೇಕಿದ್ದ ಭಾಷಣವೂ ತಯಾರಿತ್ತು. ಇಲ್ಲದಿದ್ದವರು ಅಕ್ಕ ಮಾತ್ರ. ಮುಕ್ಕಾಲು ಗಂಟೆ ತಡವಾಗಿ ಓಡಿಕೊಂಡು ಬಂದರು. ಬಾಡಿಗೆ ಕಾರು ಹಿಂದಿರುಗಿಸಲು ಹೋದವರು ಅಲ್ಲಿ ಕೌಂಟರಿನಲ್ಲಿದ್ದ ಹುಡುಗಿಗೆ ಕೋಡುಬಳೆ ಮಾಡುವ ಕ್ರಮ ಹೇಳಿಕೊಡುತ್ತ ನಿಂತುಬಿಟ್ಟಿದ್ದರಂತೆ. ಕಾರಿನ ಸೀಟಿನ ಮೇಲೆ ಒಂದು ಪೊಟ್ಟಣ ಕೋಡುಬಳೆ ಇಟ್ಟು ಕೀಲಿ ಕೊಟ್ಟಿದ್ದರು, ಆ ಹುಡುಗಿ ಒಂದು ಕಚ್ಚಿ ನೋಡಿ ಇದೇನೆಂದು ಕೇಳಿದ್ದಳು, ಅಷ್ಟೇ ಸಾಕಾಗಿತ್ತು. ಬಾಡಿಗೆ ಕಾರನ್ನು ಗ್ಯಾಸ್, ಅಂದರೆ ಪೆಟ್ರೋಲು, ತುಂಬಿಸಿ ವಾಪಸ್ ಕೊಡಬೇಕೆಂಬ ನಿಯಮ ಈ ದೇಶದಲ್ಲಿ ಎಲ್ಲರಿಗೂ ಗೊತ್ತು. ಕೋಡುಬಳೆ ತುಂಬಿಸಿ ಕೊಡುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಯಾರದೇ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದೆಂಬ ಪದ್ಧತಿ ನಮ್ಮೆಲ್ಲರ ಮನೆಯಲ್ಲೂ ಇದೆ. ಪಕ್ಕದವರು ಡಬ್ಬಿಯಲ್ಲಿ ಸಾರಿನ ಪುಡಿ ಕೊಟ್ಟರೆ ಅದೇ ಡಬ್ಬಿಗೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಆದರೆ ನಾವು ಅದನ್ನು ಡಬ್ಬಿ, ಪಾತ್ರೆಗಳಿಗೆ ನಿಲ್ಲಿಸುತ್ತೇವೆ. ಅಕ್ಕ ನಿಲ್ಲಿಸುತ್ತಿರಲಿಲ್ಲ. ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಕೇಳಿ ಒಯ್ದರೆ ಅದು ಸಂಜೆ ವೈರಿನ ಸುರುಳಿಯೊಳಗೆ ಎರಡು ಚಕ್ಕುಲಿ ಸಿಕ್ಕಿಸಿಕೊಂಡು ಬರುತ್ತಿತ್ತು. ಕೆಟ್ಟ ಮಿಕ್ಸರ್ ಒಂದನ್ನು ಕಂಪನಿಗೆ ವಾಪಸ್ ಕಳಿಸುವಾಗ ಅದರ ಜಾರಿಗೆ ಒಂದು ಹಿಡಿ ಅಕ್ಕಿ ಹಾಕಿ ಪ್ಯಾಕ್ ಮಾಡಿದ್ದರು. ಕಂಪನಿಯವರು ಫೋನ್ ಮಾಡಿ, ಮಿಕ್ಸರ್ ಕೆಟ್ಟದ್ದು ಈ ಅಕ್ಕಿಯಿಂದಲೇ ಏನು ಎಂದು ವಿಚಾರಿಸಿದರು. ಅಕ್ಕ ಅವರಿಗೆ ಅರ್ಧ ಗಂಟೆ ನಮ್ಮ ಪದ್ಧತಿ ವಿವರಿಸಿದರು. ಕೊನೆಗೆ ಫೋನಿನ ಆ ಕಡೆಯ ಹೆಂಗಸು ತನ್ನ ಅಜ್ಜಿಯನ್ನು ನೆನೆಸಿಕೊಂಡು ಅತ್ತು, ಪೂರ್ತಿ ಹಣ ವಾಪಸ್ ಮಾಡಿದಳು.

ಅವರು ನಮ್ಮ ಆಫೀಸಿಗೆ ಸೇರಿದ್ದು ಕೋವಿಡ್ಡಿನ ಮಾಸ್ಕುಗಳನ್ನು ಜನ ಅನುಮಾನಿಸುತ್ತಲೇ ತೆಗೆಯತೊಡಗಿದ ದಿನಗಳಲ್ಲಿ. ಐವತ್ತೈದು ದಾಟಿದ್ದರು. ಕುಳ್ಳಗಿನ ಆಳು, ಕಾಟನ್ ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಓಡುವವರ ಶೂ. ಮೈಸೂರಿನವನಾದ ನಾನು ಅಭ್ಯಾಸಬಲದಿಂದ “ನಮಸ್ಕಾರ ಆಂಟಿ” ಎಂದೆ.

“ಆಂಟಿ ಅಂದ್ರೆ ಕಿವಿ ಹಿಂಡ್ತೇನೆ. ಅಕ್ಕ ಅನ್ನು. ಮೇಡಂ ಅಂದ್ರೆ ಎರಡೂ ಕಿವಿ.”

ಅಂದಿನಿಂದ ಅಕ್ಕ. ವಾರದೊಳಗೆ ಬಾಸ್ ಕೂಡ “ಅಕ್ಕಾಆ” ಎನ್ನತೊಡಗಿದ. ಅವನ ಬಾಯಲ್ಲಿ ಅದು ಮುಗಿಯುವಷ್ಟರಲ್ಲಿ ಅಕ್ಕ ಕಾರಿಡಾರಿನ ಆ ತುದಿ ತಲುಪಿರುತ್ತಿದ್ದರು. ಅವರಿಗೆ ನಡೆಯಲು ಬರುತ್ತಿರಲಿಲ್ಲ, ಓಡುತ್ತಿದ್ದರು. ಸಂತೋಷವಾದರೆ ಎರಡೂ ಕೈ ತಟ್ಟಿ ನಿಂತಲ್ಲೇ ಒಂದು ಸಣ್ಣ ಜಿಗಿತ ಜಿಗಿಯುತ್ತಿದ್ದರು, ಮತ್ತು ಅವರಿಗೆ ಸಂತೋಷವಾಗಲು ಪ್ರಿಂಟರ್ ಕೆಲಸ ಮಾಡಿದರೂ ಸಾಕಿತ್ತು.

ನಮ್ಮದು ವರ್ಜೀನಿಯಾದ ಒಂದು ಸಣ್ಣ ಕಂಪನಿ. ಪುಟ್ಟ ಪುಟ್ಟ ದೇಶಗಳ ಸರ್ಕಾರಗಳಿಗೆ ಡಿಜಿಟಲ್ ನಾಣ್ಯ ಮಾಡಿಕೊಡುವುದು ನಮ್ಮ ಕೆಲಸ. ಹಾಗೆಂದು ಬೋರ್ಡಿನಲ್ಲಿ ಬರೆದಿತ್ತು. ಅಲ್ಲಿಯವರೆಗೆ ಯಾವ ಪುಟ್ಟ ದೇಶವೂ ನಮ್ಮಿಂದ ಏನನ್ನೂ ಮಾಡಿಸಿಕೊಂಡಿರಲಿಲ್ಲ. ಇಂಟರ್‌ವ್ಯೂನಲ್ಲಿ ಬಾಸ್ ಅಕ್ಕನಿಗೆ ಡಿಜಿಟಲ್ ಹಣದ ಅನುಭವ ಎಷ್ಟಿದೆ ಎಂದು ಕೇಳಿದ್ದ. ಅಕ್ಕ, “ಅದು ಗೊತ್ತಿಲ್ಲ. ಮೀನು ಮಾರೋ ಹೆಂಗಸರು ಗೊತ್ತು” ಎಂದಿದ್ದರು. ತಕ್ಷಣ ಕೆಲಸ ಕೊಟ್ಟ. ಎಳೆದೆಳೆದು ಮಾತಾಡಿದರೂ ಬಾಸ್ ದಡ್ಡನಲ್ಲ.

ಅಕ್ಕ ಕಾರವಾರದ ಕಡೆಯವರು. ಇಲ್ಲಿಗೆ ಬರುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದರು. ಆ ಇಪ್ಪತ್ತು ವರ್ಷದ ಬಗ್ಗೆ ಅವರು ನಗುತ್ತ ಹೇಳುತ್ತಿದ್ದ ಕಥೆಗಳು ನೂರಾರು, ನಗದೆ ಹೇಳುತ್ತಿದ್ದದ್ದು ಒಂದೇ. ನದಿ ಸಮುದ್ರ ಸೇರುವ ಅಳಿವೆಯ ಉಪ್ಪು ಕೆಸರಿನಲ್ಲಿ ಕಾಂಡ್ಲಾ ಗಿಡ ಬೆಳೆಯುತ್ತದೆ. ಬೇರನ್ನು ನೆಲದ ಮೇಲೆ ಹರಡಿಕೊಂಡು ನಿಲ್ಲುವ ಗಿಡ. ಅಲೆಯ ಪೆಟ್ಟನ್ನು ತಾನು ತಿಂದು ದಡ ಉಳಿಸುತ್ತದೆ, ಅದರ ಬುಡದಲ್ಲಿ ಮೀನು ಮರಿ ಮಾಡುತ್ತದೆ. ಸಸಿಗೆ ಇಷ್ಟು ಎಂದು ಕೂಲಿ ಕೊಟ್ಟು ಊರವರಿಂದಲೇ ಕಾಂಡ್ಲಾ ನೆಡಿಸುವ ಯೋಜನೆಯೊಂದನ್ನು ಅಕ್ಕ ಎರಡು ವರ್ಷ ನಡೆಸಿದ್ದರು. ದಡವೆಲ್ಲ ಹಸಿರಾಗಿತ್ತು. ಅವರ ಫೋಟೋ ಪೇಪರಿನಲ್ಲಿ ಬಂದಿತ್ತು. ಆಮೇಲೆ ಯೋಜನೆ ಮುಗಿಯಿತು, ಕೂಲಿ ನಿಂತಿತು.

“ಮೂರೇ ದಿನ ಮಾರಾಯಾ. ಮೂರನೇ ದಿನಕ್ಕೆ ದನ ಬಿಟ್ರು. ನೆಟ್ಟವರೇ ಬಿಟ್ರು. ಅವರ ತಪ್ಪು ಎಂತ? ನಾನು ಅವರಿಗೆ ಗಿಡ ತೋರಿಸ್ಲೇ ಇಲ್ಲ, ದುಡ್ಡು ತೋರಿಸ್ದೆ.”

ಇಷ್ಟು ಹೇಳಿ ಎದ್ದು ಹೋಗಿ ಕಾಫಿ ಮಷಿನ್ನಿನ ಗುಂಡಿ ಒತ್ತುತ್ತ ನಿಲ್ಲುತ್ತಿದ್ದರು. ಹಾಗಾಗಿ ಶಾಂತ ಸಾಗರದ ನಡುವಿನ ಒಂದು ದ್ವೀಪ ದೇಶ ನಮ್ಮನ್ನು ವಿಚಾರಿಸಿತು ಎಂದಾಗ, ಅದೂ ಕಾಂಡ್ಲಾ ನೆಡುವವರಿಗೆ ನಾಣ್ಯ ಕೊಡುವ ವ್ಯವಸ್ಥೆ ಬೇಕಂತೆ ಎಂದಾಗ, ಅಕ್ಕ ಜಿಗಿಯಲಿಲ್ಲ. ಕುರ್ಚಿಯಲ್ಲಿ ಕೂತುಕೊಂಡರು. ಆಮೇಲೆ ಐದು ನಿಮಿಷ ಬಿಟ್ಟು ಜಿಗಿದರು.

ಆ ದೇಶ ಎಷ್ಟು ಪುಟ್ಟದೆಂದರೆ ನಮ್ಮ ಗೋಡೆಯ ಭೂಪಟದಲ್ಲಿ ಅದರ ಜಾಗದಲ್ಲಿ ಅದರ ಹೆಸರು ಮಾತ್ರ ಇತ್ತು, ದೇಶ ಇರಲಿಲ್ಲ. ಬ್ಯಾಂಕಿಗೆ ಹೋಗಬೇಕಾದರೆ ಹೊರಗಿನ ದ್ವೀಪಗಳವರು ದೋಣಿಗೆ ಕಾಯಬೇಕು. ಸಮುದ್ರ ವರ್ಷವರ್ಷವೂ ಒಳಗೆ ಬರುತ್ತಿದೆ, ಬಾವಿಗಳು ಉಪ್ಪಾಗುತ್ತಿವೆ. ಆದರೆ ಎಲ್ಲರ ಕೈಯಲ್ಲೂ ಒಂದು ಫೋನಿದೆ. ಉಪಾಯ ಸರಳವಾಗಿತ್ತು: ಕಾಂಡ್ಲಾ ಸಸಿ ನೆಟ್ಟು ಮೂರು ತಿಂಗಳು ಉಳಿಸಿದರೆ ನೆರೆಯವರು ನೋಡಿ ಹೌದೆನ್ನಬೇಕು, ನೆಟ್ಟವರ ಫೋನಿಗೆ ನಾಣ್ಯ ಬೀಳಬೇಕು. ಆ ನಾಣ್ಯ ಅಂಗಡಿಯಲ್ಲಿ, ದೋಣಿಯಲ್ಲಿ, ಸೋಲಾರ್ ದೀಪ ಕೊಳ್ಳುವಲ್ಲಿ ನಡೆಯಬೇಕು. ಅದರ ಬೆನ್ನಿಗೆ ಬೇಕಾದ ಹಣವನ್ನು ದೊಡ್ಡ ದೇಶಗಳು ಆ ಸರ್ಕಾರಕ್ಕೆ ಕೊಡುತ್ತವೆ.

ಅಲ್ಲಿ ಬೆಳಗಾದಾಗ ನಮಗೆ ಹಿಂದಿನ ದಿನದ ಮಧ್ಯಾಹ್ನ. ಅಕ್ಕನಿಗೆ ಇದು ಎಷ್ಟು ಖುಷಿ ಕೊಟ್ಟಿತೆಂದರೆ ಪ್ರತಿ ವಿಡಿಯೋ ಕಾಲಿನ ಮೊದಲಿಗೆ ಅವರನ್ನು “ನಾಳೆ ಹೇಗಿದೆ?” ಎಂದು ಕೇಳುತ್ತಿದ್ದರು. ಅವರು “ಮೋಡ ಇದೆ” ಎಂದರೆ ನಮಗೆ ಕೊಡೆ ತರಲು ಹೇಳುತ್ತಿದ್ದರು.

ನಾಣ್ಯಕ್ಕೆ ಅವರು ಸೇರಿಸಿದ ಒಂದು ವಿಷಯವಿದೆ. ಯಾರಿಗಾದರೂ ನಾಣ್ಯ ಬಂದ ಕೂಡಲೇ ಅವರ ಫೋನಿನಲ್ಲಿ ಒಂದು ಬುಟ್ಟಿಯ ಚಿತ್ರ ಬರಬೇಕು, ಬುಟ್ಟಿಗೆ ಏನಾದರೂ ಹಾಕಿ ಕಳಿಸುತ್ತೀರಾ ಎಂದು ಕೇಳಬೇಕು, ಒತ್ತಿದರೆ ಸ್ವಲ್ಪ ನಾಣ್ಯ ಕೊಟ್ಟವರಿಗೇ ವಾಪಸ್ ಹೋಗಬೇಕು.

“ಅಕ್ಕಾ, ಅಂಗಡಿಯೋನು ದುಡ್ಡು ತಗೊಂಡು ಯಾಕೆ ವಾಪಸ್ ಕೊಡ್ತಾನೆ?” ಎಂದೆ.

“ಬಂದ ಕೂಡ್ಲೆ ಪೂರ್ತಿ ಮುಚ್ಚಿಟ್ಕೊಂಡ್ರೆ ಅದು ಬರೀ ದುಡ್ಡು. ಒಂಚೂರು ತಿರುಗಿ ಹೋದ್ರೆ ಅದು ನೆರೆಹೊರೆ. ನೆರೆಹೊರೆ ಇದ್ರೆ ಗಿಡ ಉಳೀತದೆ. ನೀನು ಕೋಡ್ ಬರಿ.”

“ಎಷ್ಟು ವಾಪಸ್ ಹೋಗ್ಬೋದು? ಹತ್ತರಲ್ಲಿ ಒಂದು ಅಂತ ಲಿಮಿಟ್ ಹಾಕ್ಲಾ?”

“ಕೊಡೋರ ಕೈ ಹಿಡೀತೀಯಾ? ಎಂತ ಜನ ಮಾರಾಯಾ ನೀವು ಮೈಸೂರಿನೋರು. ಲಿಮಿಟ್ ಬೇಡ.”

ನಾನು ಲಿಮಿಟ್ ಹಾಕಲಿಲ್ಲ. ಈ ವಾಕ್ಯವನ್ನು ಇಲ್ಲಿ ಒಂಟಿಯಾಗಿ ಬರೆದಿಡುತ್ತಿದ್ದೇನೆ, ಮುಂದೆ ಆದದ್ದರಲ್ಲಿ ನನ್ನ ಪಾಲು ಇಷ್ಟೇ ಎಂದು ತಿಳಿಯಲಿ.

ದ್ವೀಪದಿಂದ ಹಣಕಾಸು ಇಲಾಖೆಯ ಅಧಿಕಾರಿಯೊಬ್ಬರು ನಮ್ಮ ಕೆಲಸ ನೋಡಿ ಒಪ್ಪಂದದ ಬಗ್ಗೆ ತೀರ್ಮಾನ ಮಾಡಲು ಬಂದರು. ಬಾಗಿಲಿನಲ್ಲಿ ಬಗ್ಗಿ ಬರಬೇಕಾದಷ್ಟು ಎತ್ತರದ ಹೆಂಗಸು, ದಾಸವಾಳದ ಚಿತ್ರಗಳ ನಿಲುವಂಗಿ, ಮುಖದಲ್ಲಿ ನಗುವಿನ ಸುಳಿವಿಲ್ಲ. ಅವರು ಬೇಡವೆಂದರೆ ನಮ್ಮ ತಂಡ ಮುಚ್ಚುತ್ತದೆ ಎಂದು ಬಾಸ್ ಹೇಳಿದ್ದ. ಅವನು ಆ ಒಂದು ಮಾತನ್ನು ಮಾತ್ರ ಎಳೆಯದೆ ಹೇಳಿದ್ದ. ನಾನು ವೀಸಾದ ಮೇಲಿರುವವನು. ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಿಕೊಳ್ಳಬೇಕು, ಇಲ್ಲವೇ ಹೆಂಡತಿ, ಮಗಳನ್ನು ಕರೆದುಕೊಂಡು ಗಂಟುಮೂಟೆ ಕಟ್ಟಬೇಕು. ಅಕ್ಕನಿಗೆ ಆ ಚಿಂತೆ ಇರಲಿಲ್ಲ, ಅವರ ಗ್ರೀನ್ ಕಾರ್ಡ್ ಆಗಿತ್ತು. ಅವರಿಗೆ ಇದ್ದದ್ದು ಒಂದೇ ಚಿಂತೆ: ಈ ಸಲ ನೆಟ್ಟದ್ದು ಉಳಿಯಬೇಕು.

ಅಧಿಕಾರಿಗೆ ನಾಣ್ಯ ಜನರ ನಡುವೆ ಓಡಾಡುವುದನ್ನು ಕಣ್ಣಾರೆ ತೋರಿಸಬೇಕಿತ್ತು. ಆಫೀಸಿನಲ್ಲಿದ್ದವರು ಒಂಬತ್ತು ಜನ. “ಒಂಬತ್ತು ಜನ ಎಂತಕ್ಕೆ ಸಾಕು? ಸೆಂಟರ್‌ವಿಲ್‌ನಲ್ಲಿ ಭಾನುವಾರ ಯುಗಾದಿ ಪಾಟ್‌ಲಕ್ ಇದೆಯಲ್ಲ!” ಎಂದರು ಅಕ್ಕ. ಕನ್ನಡದವರೆಲ್ಲ ಒಂದು ಸ್ಕೂಲಿನ ಕೆಫೆಟೇರಿಯಾ ಬಾಡಿಗೆಗೆ ಹಿಡಿದು, ಮನೆಮನೆಯಿಂದ ಒಂದೊಂದು ಅಡುಗೆ ತರುವ ಹಬ್ಬ ಅದು. ಮನೆಯಿಂದ ಸ್ಟೀಲ್ ತಟ್ಟೆ ತಂದರೆ ಒಂದು ನಾಣ್ಯ, ದೂರದ ಕ್ಲಾರ್ಕ್ಸ್‌ಬರ್ಗಿನಿಂದ ಎರಡು ಸಂಸಾರ ಒಂದೇ ಕಾರಿನಲ್ಲಿ ಬಂದರೆ ಎರಡು ನಾಣ್ಯ, ಉಳಿದದ್ದನ್ನು ಗೊಬ್ಬರದ ಡಬ್ಬಕ್ಕೆ ಹಾಕಿದರೆ ಇನ್ನೊಂದು. ಅಡುಗೆಯ ಮೇಜು ಹಾಕಿದವರ ಫೋನಿಗೆ ಆರಂಭಕ್ಕೆಂದು ಐವತ್ತೈವತ್ತು. ಆ ನಾಣ್ಯ ಕೊಟ್ಟು ಕಾಫಿ, ಒಬ್ಬಟ್ಟು, ಬಿಸಿಬೇಳೆಬಾತ್ ಕೊಳ್ಳಬೇಕು. ಗೋಡೆಯ ಮೇಲೆ ದೊಡ್ಡ ಪರದೆ ಹಾಕಿ, ಅಧಿಕಾರಿಯನ್ನು ಅದರೆದುರಿಗೆ ಕರೆದುಕೊಂಡು ಬಂದೆವು. ನಾಣ್ಯ ಒಬ್ಬರಿಂದ ಒಬ್ಬರಿಗೆ ಹೋದಂತೆಲ್ಲ ಅದರ ಮೇಲೊಂದು ಗೆರೆ ಮೇಲಕ್ಕೇರುತ್ತಿತ್ತು.

ಕಾಫಿ ಅಂಕಲ್ ಕ್ಲಾರ್ಕ್ಸ್‌ಬರ್ಗಿನವರು. ಪ್ರತಿ ಹಬ್ಬಕ್ಕೂ ಮನೆಯಿಂದ ಡಿಕಾಕ್ಷನ್ ಇಳಿಸಿಕೊಂಡು ಬರುವ ರಿಟೈರ್ಡ್ ಎಂಜಿನಿಯರು. ಅವರ ಪಕ್ಕದ ಮೇಜು ಒಬ್ಬಟ್ಟಿನ ಆಂಟಿಯದು, ಸೆಂಟರ್‌ವಿಲ್‌ನವರೇ. ಮೊದಲು ಆಂಟಿ ಒಂದು ಕಾಫಿ ತೆಗೆದುಕೊಂಡು ಎರಡು ನಾಣ್ಯ ಕಳಿಸಿದರು.

“ಅಯ್ಯೋ, ನಿಮ್ಮತ್ರ ಕಾಫಿಗೆ ತಗೊಳ್ಳೋದಾ? ಚೆನ್ನಾಗಿರತ್ತಾ?” ಎಂದರು ಅಂಕಲ್. ಅಷ್ಟರಲ್ಲಿ ಅವರ ಫೋನಿನಲ್ಲಿ ಬುಟ್ಟಿ ಬಂದು, ಏನಾದರೂ ಹಾಕಿ ಕಳಿಸುತ್ತೀರಾ ಎಂದು ಕೇಳಿತು. ಅಂಕಲ್ ಎರಡನ್ನೂ ಹಾಕಿ ಕಳಿಸಿದರು.

ಈಗ ಆಂಟಿಯ ಫೋನಿಗೆ ನಾಣ್ಯ ಬಂತು, ಹಿಂದೆಯೇ ಬುಟ್ಟಿಯೂ ಬಂತು.

“ಇರ್ಲಿ ಸುಮ್ನಿರಿ, ಪ್ಲೀಸ್.” ಎರಡನ್ನೂ ಹಾಕಿ ಕಳಿಸಿದರು.

“ಏನ್ರೀ ಇದು, ನಿಮ್ಮ ಒಬ್ಬಟ್ಟು ನಾಲ್ಕು ತಿಂದಿದೀನಿ ನಾನು!” ಅಂಕಲ್ ಮೂರು ಹಾಕಿ ಕಳಿಸಿದರು.

“ಒಬ್ಬಟ್ಟಿಗೂ ದುಡ್ಡಾ? ನನಗೆ ಬೇಜಾರಾಗತ್ತೆ ನೋಡಿ!” ನಾಲ್ಕು.

ಇದು ಇವರಿಬ್ಬರದೇ ಕಥೆಯಾಗಿದ್ದರೆ ಬಚಾವಾಗುತ್ತಿದ್ದೆ. ಬಿಸಿಬೇಳೆಬಾತಿನವರು ಕೋಸಂಬರಿಯವರಿಗೆ ಕಳಿಸುತ್ತಿದ್ದರು, ಕೋಸಂಬರಿಯವರು ವಾಪಸ್ ತಳ್ಳುತ್ತಿದ್ದರು. ಹೋಟೆಲಿನಲ್ಲಿ ಬಿಲ್ಲು ಬಂದಾಗ ನಮ್ಮವರು ಅದಕ್ಕಾಗಿ ಕಿತ್ತಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಅದೇ ಕಿತ್ತಾಟ ಈಗ ಕೆಫೆಟೇರಿಯಾದ ಉದ್ದಗಲಕ್ಕೂ ಒಂದೇ ಸಮನೆ ನಡೆಯುತ್ತಿತ್ತು, ಅದೂ ಹೆಬ್ಬೆರಳಿನ ವೇಗದಲ್ಲಿ. ಯಾರ ಡಬ್ಬಿಯೂ ಖಾಲಿ ಹೋಗುವಂತಿರಲಿಲ್ಲ, ಹಾಗಾಗಿ ಯಾರದೂ ಮುಗಿಯುವಂತಿರಲಿಲ್ಲ. ನನ್ನ ಎಂಟು ವರ್ಷದ ಮಗಳು ತಟ್ಟೆ ಹಿಡಿದುಕೊಂಡು ಬಂದು, “ಅಪ್ಪಾ, ವೈ ಆರ್ ದೇ ಫೈಟಿಂಗ್? ನಂಗೆ ಒಬ್ಬಟ್ಟು ಬೇಕು” ಎಂದಳು.

ಪರದೆಯ ಮೇಲಿನ ಗೆರೆ ನೆಟ್ಟಗೆ ಎದ್ದು ಮೇಲಿನ ಅಂಚು ದಾಟಿ ಮಾಯವಾಯಿತು. ಯಾರೋ ಹ್ಯಾಕ್ ಮಾಡುತ್ತಿದ್ದಾರೆ ಎಂದುಕೊಂಡೆ. ಅಧಿಕಾರಿ ಪರದೆಯನ್ನೇ ನೋಡುತ್ತಿದ್ದಾರೆ, ಬಾಸ್ ಅವರನ್ನೇ ನೋಡುತ್ತಿದ್ದಾನೆ, ನನಗೆ ಅರವತ್ತು ದಿನ ಎಣಿಕೆ ಶುರುವಾದಂತೆ ಕಂಡಿತು. ಲ್ಯಾಪ್‌ಟಾಪ್ ತೆರೆದು ಇಡೀ ವ್ಯವಸ್ಥೆಗೆ ಬೀಗ ಹಾಕಿದೆ. ಎಲ್ಲ ಫೋನುಗಳೂ ಒಟ್ಟಿಗೇ ನಿಂತವು.

ಆಗ ಕಾಫಿ ಅಂಕಲ್ ಕೂಗಿದ ಕೂಗು ನನಗೆ ಈಗಲೂ ಕೇಳಿಸುತ್ತದೆ.

“ಅಯ್ಯಯ್ಯೋ! ನನ್ನತ್ರಾನೇ ಉಳ್ಕೊಂಡ್ಬಿಡ್ತಲ್ಲಪ್ಪಾ!”

ಓಡಿ ಬಂದು ನನ್ನ ಭುಜ ಹಿಡಿದರು. “ತೆಗಿಯಪ್ಪಾ ಲಾಕು. ಅವರ ಮೂವತ್ತೆಂಟು ನನ್ನ ಫೋನಲ್ಲಿ ಕೂತಿದೆ. ನಾಳೆ ಅವರ ಯಜಮಾನ್ರ ಮುಖ ಹೇಗೆ ನೋಡ್ಲಿ?” ಅವರ ಹಿಂದೆ ಕೋಸಂಬರಿಯವರು, ಅವರ ಹಿಂದೆ ಇನ್ನಿಬ್ಬರು. ಎಲ್ಲರ ಮುಖದಲ್ಲೂ ಒಂದೇ ಗಾಬರಿ, ಹಣ ಕಳೆದುಕೊಂಡದ್ದಲ್ಲ, ಬಂದುಬಿಟ್ಟದ್ದು. ಬೇರೆಯವರ ನಾಣ್ಯ ತಮ್ಮಲ್ಲಿ ಉಳಿಯದೆ ಬಚಾವಾದವರು ಪಕ್ಕದಲ್ಲಿ ನಿಂತು ನಿಟ್ಟುಸಿರುಬಿಡುತ್ತಿದ್ದರು.

ಬಾಸ್ ಬಿಳುಚಿಕೊಂಡಿದ್ದ. ಅಕ್ಕ ಅಧಿಕಾರಿಯ ಪಕ್ಕ ನಿಂತು, ಇಂಗ್ಲಿಷಿನಲ್ಲಿ, ಒಂದನ್ನೂ ಮುಚ್ಚಿಡದೆ, ಬುಟ್ಟಿ ಯಾಕೆ ಇಟ್ಟರು, ನಮ್ಮ ಜನ ಯಾಕೆ ಹೀಗೆ, ತಾವೇ ಯಾಕೆ ಲಿಮಿಟ್ ಬೇಡವೆಂದರು, ಎಲ್ಲ ಹೇಳಿದರು. “ತಪ್ಪು ನಂದೇ. ಈ ಹುಡುಗ ಲಿಮಿಟ್ ಕೇಳಿದ್ದ” ಎಂದು ನನ್ನತ್ತ ಕೈಮಾಡಿದರು. ಅಧಿಕಾರಿ ಕೇಳಿಸಿಕೊಂಡರು. ಅವರ ಗಲ್ಲ ನಡುಗತೊಡಗಿತು. ಕೋಪ ಎಂದುಕೊಂಡೆ. ಆಮೇಲೆ ಆ ಎತ್ತರದ ಹೆಂಗಸು ಮೇಜು ಹಿಡಿದುಕೊಂಡು, ಬಗ್ಗಿ, ಇಡೀ ಕೆಫೆಟೇರಿಯಾ ತಿರುಗಿ ನೋಡುವಂತೆ ನಗತೊಡಗಿದರು.

ನಗು ನಿಂತ ಮೇಲೆ ಅವರು ಹೇಳಿದ್ದು ಇದು. ಅವರ ಅಮ್ಮ ಮತ್ತು ಪಕ್ಕದ ಮನೆಯಾಕೆ ಒಂದೇ ತಟ್ಟೆಯನ್ನು ವರ್ಷಗಟ್ಟಲೆ ಆಚೆಯಿಂದೀಚೆ ಸಾಗಿಸುತ್ತಿದ್ದರಂತೆ. ಒಮ್ಮೆ ಬೇಯಿಸಿದ ದೀವಿಹಲಸು, ಒಮ್ಮೆ ಮೀನು. ತಟ್ಟೆ ಯಾರದೆಂದು ಇಬ್ಬರಿಗೂ ಮರೆತುಹೋಗಿತ್ತು, ಆದರೂ ಖಾಲಿ ಇಟ್ಟುಕೊಳ್ಳುವಂತಿಲ್ಲ.

“ದೀವಿಹಲಸು! ನಿಮ್ಮಲ್ಲೂ ಇದೆಯಾ?” ಎಂದು ಅಕ್ಕ ಜಿಗಿದರು. ಮುಂದಿನ ಹತ್ತು ನಿಮಿಷ ಅವರಿಬ್ಬರೂ ಅದನ್ನು ಹೆಚ್ಚುವುದು, ಕರಿಯುವುದು, ಸುಡುವುದು ಮಾತಾಡಿದರು. ನನ್ನ ಬೀಗ ಹಾಕಿದ ವ್ಯವಸ್ಥೆ, ಕಾಫಿ ಅಂಕಲ್ಲಿನ ಮರ್ಯಾದೆ, ಬಾಸಿನ ರಕ್ತದೊತ್ತಡ ಎಲ್ಲ ಕಾಯುತ್ತ ನಿಂತವು. ಕೊನೆಗೆ ನಾನೇ ಕೇಳಿದೆ, ಆ ತಟ್ಟೆ ಏನಾಯಿತು ಎಂದು.

ಮೂರನೇ ಮನೆಯಲ್ಲಿ ಒಬ್ಬ ಬಾಣಂತಿ ಇದ್ದಳು, ಅಮ್ಮ ಒಂದು ದಿನ ತಟ್ಟೆಯನ್ನು ಅಲ್ಲಿಗೆ ಕಳಿಸಿಬಿಟ್ಟಳು, ಎಂದರು ಅಧಿಕಾರಿ.

ಅಕ್ಕ ನನ್ನ ಎರಡೂ ತೋಳು ಹಿಡಿದು ಅಲ್ಲಾಡಿಸಿದರು. “ಮೂರನೇ ಮನೆ! ಕೇಳಿಸ್ತಾ ಮಾರಾಯಾ? ವಾಪಸ್ ಅಲ್ಲ, ಮುಂದಕ್ಕೆ! ಬರಿ, ಬರಿ, ಈಗ್ಲೇ ಬರಿ!”

ಕೆಫೆಟೇರಿಯಾದ ನೆಲದ ಮೇಲೆ, ಒಂದು ಕೈಯಲ್ಲಿ ಮಗಳ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ನಾನು ಬದಲಾಯಿಸಿದೆ. ಬುಟ್ಟಿಗೆ ಹಾಕಿದ್ದು ಇನ್ನು ಕೊಟ್ಟವರಿಗೆ ಹಿಂದಿರುಗುವುದಿಲ್ಲ. ಇನ್ನೂ ಕಾಂಡ್ಲಾ ಇಲ್ಲದ ಯಾವುದೋ ದಡಕ್ಕೆ ಹೋಗುತ್ತದೆ, ಅಲ್ಲಿಯ ಸಸಿಗೆ. ಬೀಗ ತೆಗೆದೆ. ಕಾಫಿ ಅಂಕಲ್ ಎಲ್ಲರಿಗಿಂತ ಮೊದಲು ಮೂವತ್ತೆಂಟನ್ನೂ ಬುಟ್ಟಿಗೆ ಹಾಕಿ, ಹಣೆಯ ಬೆವರು ಒರೆಸಿಕೊಂಡು, “ಅಬ್ಬಾ!” ಎಂದರು. ಅವರ ಹಿಂದೆ ಸಾಲು ಹತ್ತಿತು. ಯಾರೂ ಸೋಲಬೇಕಾಗಿರಲಿಲ್ಲ. ಅರ್ಧ ಗಂಟೆಯಲ್ಲಿ, ನಾವು ಕಾಣದ ಒಂದು ದಡದ ತುಂಬ ನೆಡುವಷ್ಟು ಸಸಿಯ ನಾಣ್ಯ ಪರದೆಯ ಮೇಲೆ ಸೇರಿತ್ತು. ಆಟದ ನಾಣ್ಯವೇ ಆದರೂ ಜನ ಚಪ್ಪಾಳೆ ತಟ್ಟಿದರು, ಅಕ್ಕ ಒಬ್ಬಟ್ಟಿನ ಆಂಟಿಯನ್ನು ತಬ್ಬಿಕೊಂಡರು, ನಾನು ಸುಮ್ಮಸುಮ್ಮನೆ ನಕ್ಕೆ.

ನಾವು ಗೆದ್ದೆವೆಂದೇ ನಾನು ತಿಳಿದಿದ್ದೆ. ಆದರೆ ಸೋಮವಾರ ಬೆಳಿಗ್ಗೆ ಮೀಟಿಂಗಿನಲ್ಲಿ ಅಧಿಕಾರಿಯ ಮುಖ ಮತ್ತೆ ಮೊದಲಿನಂತಾಗಿತ್ತು. ಎಲ್ಲ ಸ್ಲೈಡುಗಳನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು. ಕೊಡುವ ದೇಶಗಳು ಒಂದು ದಿನ ಕೊಡುವುದನ್ನು ನಿಲ್ಲಿಸುತ್ತವೆ, ನಾಣ್ಯ ನಿಂತ ಮೇಲೂ ನಮ್ಮ ಜನ ನೆಡುತ್ತಾರೆಯೇ?

ಅದಕ್ಕೆ ಉತ್ತರವಾಗಿ ಬಾಸಿನ ಬಳಿ ಬಣ್ಣಬಣ್ಣದ ಒಂದು ಸ್ಲೈಡ್ ಇತ್ತು. ಅವನು ಅದನ್ನು ತೆರೆಯುವಷ್ಟರಲ್ಲಿ ಅಕ್ಕ ಹೇಳಿದರು, “ಗೊತ್ತಿಲ್ಲ.”

ಆಮೇಲೆ ತಮ್ಮ ಅಳಿವೆಯ ಕಥೆ ಹೇಳಿದರು. ಹಸಿರಾದ ದಡ, ಪೇಪರಿನ ಫೋಟೋ, ಮೂರನೇ ದಿನದ ದನಗಳು. “ಈ ಸಲ ಹಾಗಾಗಬಾರದು ಅಂತ ನನ್ನ ಆಸೆ. ಆಗೋದಿಲ್ಲ ಅಂತ ನಾನು ಬರೆದುಕೊಡಲಾರೆ” ಎಂದರು. ಬಾಸ್ ಕಣ್ಣು ಮುಚ್ಚಿಕೊಂಡ. ನಾನು ಮನಸ್ಸಿನಲ್ಲೇ ಸೂಟ್‌ಕೇಸುಗಳನ್ನು ಅಟ್ಟದಿಂದ ಇಳಿಸಿದೆ. ಅಧಿಕಾರಿ ಊಟಕ್ಕೆ ಎದ್ದು ಹೋದರು. ಊಟ ಮುಗಿಸಿ ಬಂದು ಸಹಿ ಹಾಕಿದರು. ಯಾಕೆಂದು ಬಾಸ್ ತಡೆಯಲಾರದೆ ಕೇಳಿಯೇಬಿಟ್ಟ.

ನಿಮಗಿಂತ ಮೊದಲು ಬಂದ ಕಂಪನಿಗಳಿಗೆಲ್ಲ ಉತ್ತರ ಗೊತ್ತಿತ್ತು, ಎಂದರು ಅವರು.

ನಾಣ್ಯ ಚಾಲನೆಗೆ ಬಂತು. ಮೊದಲ ಸಸಿಗಳ ಫೋಟೋ ಬಂದ ದಿನ ಅಕ್ಕ ಕೆಳಗಿನ ಸೆಕ್ಯುರಿಟಿಯವನನ್ನು ಎಳೆದು ತಂದು ತೋರಿಸಿದರು. ಅಟ್ಲಾಂಟಾದ ಹತ್ತಿರ ಡುಲುತ್‌ನಲ್ಲಿರುವ ತಮ್ಮ ತಂಗಿಗೆ ದಿನಕ್ಕೊಂದು ಫೋಟೋ ಕಳಿಸುತ್ತಿದ್ದರು, ತಂಗಿ ಕಳಿಸುತ್ತಿದ್ದ ಮೊಮ್ಮಕ್ಕಳ ಫೋಟೋಗಳಿಗೆ ಎದುರಾಗಿ. ಒಂದು ಸಸಿಗೆ ಐದನೇ ಎಲೆ ಬಂದದ್ದಕ್ಕೆ ಇಡೀ ಆಫೀಸಿಗೆ ಕೇಸರಿಬಾತ್ ಮಾಡಿದ್ದರು.

ವರ್ಷದ ಮೇಲಾಗಿತ್ತು. ಒಂದು ಮಧ್ಯಾಹ್ನ ದ್ವೀಪದಿಂದ ಯಾರೂ ವಿಡಿಯೋ ಕಾಲಿಗೆ ಬರಲಿಲ್ಲ. ಬಿರುಗಾಳಿ. ಟವರುಗಳು ಬಿದ್ದಿದ್ದವು, ಫೋನುಗಳಿಲ್ಲ, ನಾಣ್ಯವಿಲ್ಲ. ಜನ ಸುರಕ್ಷಿತ ಎಂಬುದು ಮಾತ್ರ ಹಡಗಿನವರ ಮೂಲಕ ತಿಳಿಯಿತು. ನಮ್ಮ ಪರದೆಯ ಮೇಲಿನ ಗೆರೆ ನೆಲಕ್ಕೆ ಮಲಗಿತು. ಒಂದು ದಿನ, ಎರಡು ದಿನ, ಮೂರು ದಿನ. ಮೂರನೇ ದಿನ ಅಕ್ಕ ಕಾಫಿ ಮಷಿನ್ನಿನ ಗುಂಡಿ ಒತ್ತುತ್ತಲೇ ನಿಂತಿದ್ದರು. ಆಮೇಲೂ ದಿನಗಳು ಹೋದವು. ಅವರು ನಡೆದುಕೊಂಡು ಬರುತ್ತಿದ್ದರು, ನಡೆದುಕೊಂಡು ಹೋಗುತ್ತಿದ್ದರು. ಅವರು ನಡೆಯುವುದನ್ನು ನೋಡಿ ನನಗೆ ಭಯವಾಯಿತು.

“ಅಕ್ಕಾ, ಸಸಿ ಗಾಳಿಗೆ ಬಿದ್ದಿದ್ರೆ ಅದು ಯಾರ ತಪ್ಪೂ ಅಲ್ವಲ್ಲ,” ಎಂದೆ.

“ಗಾಳಿಗೆ ಬಿದ್ರೆ ಮತ್ತೆ ನೆಡಬಹುದು. ಕೊಡೋದು ನಿಂತ ಮೇಲೆ ಯಾರು ನೆಡ್ತಾರೆ? ಅದು ನಂಗೆ ಗೊತ್ತಾಗೋ ದಿನ ಬಂದಿದೆ.”

ಹನ್ನೊಂದನೇ ದಿನ ಮಧ್ಯಾಹ್ನ ನಾಲ್ಕಕ್ಕೆ ಕಾಲ್ ಬಂತು. ಅಕ್ಕ “ನಾಳೆ ಹೇಗಿದೆ” ಎಂದು ಕೇಳಲಿಲ್ಲ. ಚಿತ್ರ ಒಡೆದೊಡೆದು ಬಂದು ಕೂಡಿಕೊಂಡಿತು. ಅಧಿಕಾರಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ಅವರ ಹಿಂದೆ ದಡದುದ್ದಕ್ಕೂ ಜನ ಬಗ್ಗಿ ನಿಂತಿದ್ದರು. ಬಿದ್ದ ಸಸಿಗಳನ್ನು ಎತ್ತಿ ಕೋಲು ಕೊಡುತ್ತಿದ್ದರು, ಹೋದ ಕಡೆ ಹೊಸದು ನೆಡುತ್ತಿದ್ದರು.

“ಯಾವಾಗಿಂದ?” ಎಂದರು ಅಕ್ಕ.

ಎರಡನೇ ದಿನದಿಂದ, ಎಂದರು ಅಧಿಕಾರಿ.

“ನಾಣ್ಯ ಬರೋದಿಲ್ಲ ಅಂತ ಅವರಿಗೆ ಗೊತ್ತಿತ್ತಾ?”

ಅಧಿಕಾರಿ ತಿರುಗಿ ಹತ್ತಿರವಿದ್ದ ಒಬ್ಬ ಮುದುಕಿಯನ್ನು ಅವರ ಭಾಷೆಯಲ್ಲಿ ಕೇಳಿದರು. ಮುದುಕಿಯಾದರೂ ಗಟ್ಟಿ ಹೆಂಗಸು. ಸೊಂಟ ಹಿಡಿದು ನೆಟ್ಟಗಾಗಿ, ಕ್ಯಾಮರಾದೊಳಗಿದ್ದ ನಮ್ಮನ್ನು ಪೆದ್ದರನ್ನು ನೋಡುವಂತೆ ನೋಡಿ, ಏನೋ ಗದರಿದರು. ಅಧಿಕಾರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು: ನಿಮ್ಮ ಫೋನು ಸರಿಯಾಗಲಿ ಅಂತ ಸಮುದ್ರ ಕಾಯುತ್ತಾ?

ಅಕ್ಕ ದಡಕ್ಕನೆ ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು.

“ಬೇಡವಂತೆ! ಮಾರಾಯಾ, ನಾವು ಬೇಡವಂತೆ!”

ಬಾಸ್ ತನ್ನ ಕೋಣೆಯಿಂದ ಗಾಬರಿಯಾಗಿ ಓಡಿಬಂದ, ಒಪ್ಪಂದ ಮುರಿಯಿತೆಂದು. ಅಕ್ಕ ಅವನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿದರು, ಮಾತು ಎಳೆಯಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ. ಆಮೇಲೆ ನನ್ನನ್ನು ಎಳೆದರು.

“ಅಕ್ಕಾ, ಅವರಿಗೆ ನಾವು ಬೇಡ ಅಂದ್ರೆ ನನ್ನ ವೀಸಾ?”

“ಹೋದ್ರೆ ಇನ್ನೊಂದು ದ್ವೀಪ ಹುಡುಕುವಾ. ಮೊದ್ಲು ಕುಣಿಯೋ!”

ಕುಣಿದೆ. ಪರದೆಯಲ್ಲಿ ಆ ಮುದುಕಿ ನಮ್ಮನ್ನು ನೋಡುತ್ತ ನಿಂತಿದ್ದರು. ಅವರ ಅಭಿಪ್ರಾಯ ಬದಲಾದಂತೆ ಕಾಣಲಿಲ್ಲ.

ಕೆಲಸ ಹೋಗಲಿಲ್ಲ. ಇನ್ನೊಂದು ದೇಶ ನಮ್ಮನ್ನು ಕೇಳಿದೆ, ಅದರ ಬುಟ್ಟಿಗೆ ನಾನೇ ಕೋಡ್ ಬರೆಯುತ್ತಿದ್ದೇನೆ. ಅಕ್ಕ ಮಾತ್ರ ಆ ವಾರವೇ ನಿವೃತ್ತಿಗೆ ಅರ್ಜಿ ಕೊಟ್ಟರು. ಎಚ್‌ಆರ್‌ನವಳು ಫೈಲು ಮುಚ್ಚಲೆಂದು ಮೊನ್ನೆ ಆ ಅರ್ಜಿಯ ಫಾರ್ಮ್ ಹಿಡಿದುಕೊಂಡು ನನ್ನ ಬಳಿ ಬಂದಳು. ಕೆಲಸ ಬಿಡುತ್ತಿರುವುದಕ್ಕೆ ಕಾರಣವೇನು ಎಂಬಲ್ಲಿ ಅಕ್ಕ ಕನ್ನಡದಲ್ಲಿ ಬರೆದಿದ್ದಾರೆ, ಇಂಗ್ಲಿಷಿನಲ್ಲಿ ಹೇಳು ಎಂದಳು. ಓದಿದೆ. ಹೇಳಲು ಬಾಯಿ ತೆರೆದರೆ ನಗು ಬಂತು. ಅವಳು ಪೆನ್ನು ಹಿಡಿದುಕೊಂಡು ಕಾಯುತ್ತಲೇ ಇದ್ದಳು.

ಅಕ್ಕ ಬರೆದಿದ್ದರು: “ಇನ್ನು ಅವರೇ ನೆಡ್ತಾರೆ.”